ಉಲ್ಟಾ ಗೀರಿನ ಚಾಕು

ತುಮಕೂರು
24 ಸೆಪ್ಟೆಂಬರ್ 2003, ಬುಧವಾರ

ಪ್ರೀತಿಯ ನಯೀಮ್ ಭಾಯ್‌ಗೆ ತಂಗಿ ಫಿಜಾಳ ಸಲಾಮ್.

ಕ್ಷೇಮ ಕೇಳುವುದಕ್ಕೆ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಹೋದ ರಂಜಾನಿನಲ್ಲಿ ನಿನ್ನ ಗೆಳೆಯನ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದೆವಲ್ಲ ಮಡಚುವ ಚಾಕು, ನೀನು ಸೌದಿಯ ದಮ್ಮಾಮಿನಲ್ಲಿ ಎಲ್ಲರಿಗೂ ‘ನಮ್ಮ ಅಬ್ಬಾ ಕೈಯಿಂದ ಮಾಡಿದ್ದು’ ಅಂತ ತೋರಿಸುತ್ತಿದ್ದೀಯಲ್ಲ, ಅದು ಅಬ್ಬಾ ಮಾಡಿದ್ದಲ್ಲ. ನಾನು ಮಾಡಿದ್ದು. ಅದೊಂದೇ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಎರಡು ವರ್ಷದಿಂದ ನಮ್ಮ ಅಂಗಡಿಯ ಚಾಕುಗಳಲ್ಲಿ ಅಲಗು ಕಾಯಿಸಿ ಬಡಿಯುವುದು ಮಾತ್ರ ಅಬ್ಬಾ. ಅರ ಹಾಕುವುದು, ಕಮಾನು ಕೂರಿಸುವುದು, ಹಿಡಿ ಕಟ್ಟುವುದು, ಹೊಳಪು ಕೊಡುವುದು ಎಲ್ಲ ನಾನು. ಅಬ್ಬಾರ ಕೈ ನಡುಗುತ್ತದೆ ಭಾಯ್. ಚಹಾದ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುತ್ತಾರೆ. ನಿನಗೆ ಗೊತ್ತಾದರೆ ಕೆಲಸ ಬಿಟ್ಟು ಓಡಿ ಬರುತ್ತೀಯ ಅಂತ ಅಮ್ಮಿ ಖುರಾನಿನ ಮೇಲೆ ಆಣೆ ಹಾಕಿಸಲು ಬಂದಳು. ನಾನು ಆಣೆ ಹಾಕಲಿಲ್ಲ, ಹೇಳಲೂ ಇಲ್ಲ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡೆ.

ಈಗ ಕೇಳುತ್ತೇನೆ. ನಿನ್ನ ಬೆನ್ನುನೋವು ಹೇಗಿದೆ? ಏಸಿ ಪೆಟ್ಟಿಗೆಗಳನ್ನು ಹೊತ್ತುಕೊಂಡು ಮಹಡಿ ಹತ್ತುವುದು ತಪ್ಪಿತೇ, ಇಲ್ಲವೇ? ಅಮ್ಮಿ ಕೊಟ್ಟ ಎಣ್ಣೆ ಹಚ್ಚುತ್ತಿಲ್ಲ ಅಂತ ನನಗೆ ಗೊತ್ತು, ಹಚ್ಚುತ್ತಿದ್ದೇನೆ ಅಂತ ಬರೆಯಬೇಡ. ಇಲ್ಲಿ ಅಮ್ಮಿಗೆ ಮಂಡಿನೋವು, ಬಾಯಿಗೆ ಏನೂ ಆಗಿಲ್ಲ. ಅವಳು ನಮ್ಮ ಮನೆಯ ಉರ್ದುವಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬರೆದರೆ ಅರ್ಧ ಬೈಗುಳ ದಾರಿಯಲ್ಲೇ ಉದುರಿಹೋಗುತ್ತದೆ, ಅದಕ್ಕೇ ಬರೆಯುತ್ತಿಲ್ಲ. ಏನು ಮಾಡಲಿ, ಸರ್ಕಾರಿ ಸ್ಕೂಲಿನ ನಮ್ಮಿಬ್ಬರಿಗೂ ಬರೆಯಲು ಬರುವುದು ಇದೊಂದೇ. ಇದನ್ನೆಲ್ಲ ಶುಕ್ರವಾರ ನೀನು ಫೋನ್ ಮಾಡಿದಾಗಲೇ ಹೇಳಬಹುದಿತ್ತು ಅನ್ನುತ್ತೀಯ. ಫೋನ್ ಇರುವುದು ಎದುರಿನ ಹಗ್ಗದಂಗಡಿ ಪುಟ್ಟರಂಗಯ್ಯನವರ ಗಲ್ಲಾ ಪಕ್ಕ. ಅಲ್ಲಿ ಹೇಳಿದರೆ ನೀನು ಕೇಳುವುದಕ್ಕಿಂತ ಮುಂಚೆ ಮಂಡಿಪೇಟೆ ಪೂರ್ತಿ ಕೇಳಿರುತ್ತದೆ.

ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ನಿನಗೆ ಅನ್ನಿಸಬಹುದು. ಆ ಚಾಕುವನ್ನು ಜೇಬಿನಿಂದ ತೆಗೆ. ಈಗಲೇ ತೆಗೆ, ಆಮೇಲೆ ಓದುವಿಯಂತೆ. ಮುಚ್ಚಿದ ಹಾಗೇ ಇಟ್ಟುಕೊಂಡು ಬೆನ್ನಿನ ಮೇಲೆ ಹೆಬ್ಬೆರಳು ಆಡಿಸು. ಎರಡು ಹಿತ್ತಾಳೆ ತಗಡಿನ ನಡುವೆ ಉಕ್ಕಿನ ಪಟ್ಟಿ ಇದೆಯಲ್ಲ, ಅದೇ ಕಮಾನು, ಅಲಗನ್ನು ಒತ್ತಿ ಹಿಡಿಯುವ ಸ್ಪ್ರಿಂಗು. ಎಲ್ಲಾದರೂ ಮೆಟ್ಟಿಲು ಸಿಕ್ಕಿತೇ? ಈಗ ಅಲಗು ಪೂರ್ತಿ ತೆರೆದು ಮತ್ತೆ ಆಡಿಸು. ಆಗಲೂ ಸಿಗಬಾರದು. ಮುಚ್ಚಿದಾಗ ಸಮ ಇದ್ದ ಕಮಾನು ತೆರೆದಾಗ ಕೂದಲಷ್ಟು ಮೇಲೆ ಏಳುತ್ತದೆ, ಅದನ್ನು ಇಳಿಸಲು ಹೋದರೆ ಮುಚ್ಚಿದಾಗ ತಗ್ಗುತ್ತದೆ. ಎರಡೂ ಕಡೆ ಸಮ ಬರುವ ತನಕ ಮೊಳೆ ಬಿಚ್ಚುವುದು, ಒಂದು ಸಲ ಅರ ಎಳೆಯುವುದು, ಮತ್ತೆ ಮೊಳೆ ಹಾಕುವುದು. ನಿನ್ನ ಚಾಕುವಿಗೆ ಎಷ್ಟು ಸಲ ಬಿಚ್ಚಿದೆನೋ, ಕೊನೆಗೆ ಮೊಳೆಯೇ ಸವೆದು ಹೊಸದು ಹಾಕಿದೆ. ಆಮೇಲೆ ಅದನ್ನು ಕಿಟಕಿಗೆ ಹಿಡಿದು ನೋಡು, ಕಮಾನಿಗೂ ತಗಡಿಗೂ ಮಧ್ಯೆ ಬೆಳಕು ನುಸುಳುವುದಿಲ್ಲ. ತಲೆಯ ಕಡೆ ಹಿತ್ತಾಳೆಯ ತೊಪ್ಪಿ ಇದೆಯಲ್ಲ, ಅಲಗು ತಿರುಗುವ ಮೊಳೆ ಅದರೊಳಗೇ ಇದೆ. ಹುಡುಕು, ಕಾಣುವುದಿಲ್ಲ. ಹಿತ್ತಾಳೆಯಲ್ಲೇ ಹಿತ್ತಾಳೆ ಬಡಿದು ಉಜ್ಜಿ ಮುಳುಗಿಸಿದ್ದೇನೆ. ಹಿಡಿಯ ಮೊಳೆಗಳು ಮಾತ್ರ ಚುಕ್ಕಿಯ ಹಾಗೆ ಕಾಣುತ್ತವೆ, ಕಾಣಲಿ ಅಂತಲೇ ಬಿಟ್ಟೆ.

ಶಬ್ದ ಕೇಳು. ಅಬ್ಬಾ ಯಾವಾಗಲೂ ಕಣ್ಣು ಮುಚ್ಚಿಕೊಂಡು ಕಿವಿ ಹತ್ತಿರ ಹಿಡಿದು ತೆರೆಯುತ್ತಿದ್ದರಲ್ಲ, ‘ಚಾಕು ಮಾತಾಡ್ಬೇಕು, ಬೊಗಳ್ಬಾರ್ದು’ ಅಂತ. ಅರ್ಧಕ್ಕೆ ಬಂದಾಗ ಒಂದು ಸಣ್ಣ ಟಿಕ್, ಪೂರ್ತಿ ತೆರೆದಾಗ ಒಂದು ದಪ್ಪ ಟಕ್. ಆ ಅರ್ಧದ ನಿಲುಗಡೆ ಬೆರಳಿಗೋಸ್ಕರ. ಕೈ ಜಾರಿ ಅಲಗು ಮುಚ್ಚಿಕೊಂಡರೂ ಅಲ್ಲಿ ಒಂದು ಗಳಿಗೆ ತಡೆಯುತ್ತದೆ, ಅಷ್ಟರಲ್ಲಿ ಬೆರಳು ತೆಗೆದುಕೊಳ್ಳಬಹುದು. ನೀನು ಅಂಗಡಿಯಲ್ಲಿ ಕೂತ ಮೊದಲ ವಾರವೇ ಬೆರಳು ಕುಯ್ದುಕೊಂಡದ್ದು ಅರ್ಧ ನಿಲ್ಲದ ಚಾಕುವಿನಲ್ಲಿ, ನೆನಪಿದೆಯಾ? ಆಮೇಲೆ ನೀನು ಆ ಕಡೆ ತಲೆಯೂ ಹಾಕಲಿಲ್ಲ. ‘ಇವ್ನ ಕೈಗೆ ಅರ ಕೊಟ್ರೆ ಅರಾನೇ ಅಳ್ತದೆ’ ಅಂತ ಅಬ್ಬಾ ನಗುತ್ತಿದ್ದರು. ನೀನೂ ನಗುತ್ತಿದ್ದೆ.

ಅಲಗಿನ ಬುಡದಲ್ಲಿ ಹಿಡಿಗೆ ಸೇರುವ ಕಡೆ ಸಾಲುಸಾಲು ಹಲ್ಲಿನ ಗುರುತು ಇದೆಯಲ್ಲ, ನಿನ್ನ ಮ್ಯಾನೇಜರು, ಆ ಮುದೀರ್, ಅದೇನು ಕೆತ್ತನೆ ಅಂತ ಕೇಳಿದ ಅಂತ ಬರೆದಿದ್ದೆ. ಕೆತ್ತನೆಯಲ್ಲ. ಅದು ಅಮ್ಮಿಯ ಅಬ್ಬಾ, ನಮ್ಮ ಕುಣಿಗಲ್ ನಾನಾ, ಕುದುರೆಗಳ ಗೊರಸು ಉಜ್ಜುತ್ತಿದ್ದ ಅರ. ನಾನಾ ಲಾಳ ಕಟ್ಟುವುದು ಬಿಟ್ಟ ಮೇಲೆ ಸವೆದ ಅರಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿ ನಮಗೆ ಕಳಿಸಿದರು. ಅಬ್ಬಾ ಯಾವಾಗಲೂ ಹಲ್ಲುಗಳನ್ನು ಪೂರ್ತಿ ಉಜ್ಜಿ ಕನ್ನಡಿ ಮಾಡುತ್ತಿದ್ದರು. ನಾನು ಬುಡದಲ್ಲಿ ಎರಡು ಬೆರಳಿನಷ್ಟು ಬಿಟ್ಟೆ. ‘ಕೆಲ್ಸ ಅರ್ಧಕ್ಕೇ ಬಿಟ್ಟಂಗೆ ಕಾಣ್ತದೆ’ ಅಂದರು. ಕಾಣಲಿ ಅಬ್ಬಾ, ಇದು ಮೊದಲು ಏನಾಗಿತ್ತು ಅಂತ ಗೊತ್ತಾಗಲಿ ಅಂದೆ. ಅವರು ತಿರುಗಿಸಿ ತಿರುಗಿಸಿ ನೋಡಿ, ಗೋಣಿಯಿಂದ ಇನ್ನೊಂದು ಅರ ತೆಗೆದರು.

ಬರೆಯುತ್ತಾ ಬರೆಯುತ್ತಾ ಎದ್ದುಹೋಗಿ ಬಂದೆ. ಕೂತರೆ ಕಾಲು ತಾನಾಗಿಯೇ ಅಲ್ಲಾಡುತ್ತದೆ. ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗ ಹುಡುಗಿ ಅಂತ ಅಬ್ಬಾ ಬಿಡಿಸಿದರು ಅಂತ ಬೀದಿಯವರೆಲ್ಲ ಅಂದುಕೊಂಡರು. ನೀನೂ ಹಾಗೇ ಅಂದುಕೊಂಡು ಅವರ ಮೇಲೆ ಕೂಗಾಡಿದೆ. ಯಾರೂ ಬಿಡಿಸಲಿಲ್ಲ ಭಾಯ್, ನಾನೇ ಬಿಟ್ಟೆ. ಆ ಬೆಂಚಿನ ಮೇಲೆ ಕೂರಲು ನನ್ನಿಂದ ಆಗಲಿಲ್ಲ. ಮನೆಯಲ್ಲೂ ಕೂರುತ್ತಿರಲಿಲ್ಲ. ‘ಇವ್ಳ ಕಾಲಿಗೆ ಚಕ್ರ ಐತೆ’ ಅಂತ ಅಮ್ಮಿ ನನ್ನ ಕೈಗೆ ಉಪ್ಪುಕಾಗದ ಕೊಟ್ಟು ಹಿಡಿಗಳನ್ನು ಉಜ್ಜಲು ಕೂರಿಸಿದಳು. ನಮ್ಮ ಮನೆಯಲ್ಲಿ ಹೆಂಗಸರು ಉಜ್ಜುವುದು ಮೊದಲಿನಿಂದಲೂ ಇದ್ದದ್ದೇ, ಅಜ್ಜಿ ಉಜ್ಜಿದ್ದಾರೆ, ಅಮ್ಮಿಯೂ ಉಜ್ಜಿದ್ದಾಳೆ. ಉಜ್ಜುವುದಕ್ಕೂ ಕಟ್ಟುವುದಕ್ಕೂ ನಡುವೆ ಒಂದು ಪರದೆ ಇತ್ತು, ಅಂಗಡಿಗೂ ಮನೆಗೂ ನಡುವಿನ ಅದೇ ಪರದೆ. ಒಂದು ಮಧ್ಯಾಹ್ನ ಅಬ್ಬಾರ ಕೈಯಿಂದ ಮೊಳೆ ಮೂರು ಸಲ ಜಾರಿ ಬಿತ್ತು. ಮೂರನೆಯ ಸಲ ನಾನು ಪರದೆ ಸರಿಸಿ ಹೋಗಿ ಎತ್ತಿ ಕೂರಿಸಿಬಿಟ್ಟೆ. ಅಬ್ಬಾ ಬೈಯಲಿಲ್ಲ. ಎದ್ದು ಶಟರ್ ಅರ್ಧ ಇಳಿಸಿದರು. ಅವತ್ತಿನಿಂದ ದಿನಾ ಊಟದ ಹೊತ್ತಿಗೆ ಶಟರ್ ಇಳಿಯುತ್ತದೆ, ನಾನು ಕಬ್ಬಿಣ ಕಚ್ಚಿ ಹಿಡಿಯುವ ವೈಸ್ ಮುಂದೆ ಕೂರುತ್ತೇನೆ. ಆಗ ಮಾತ್ರ ನನ್ನ ಕಾಲು ಅಲ್ಲಾಡುವುದಿಲ್ಲ.

ಈಗ ಗೀರಿನ ವಿಷಯ. ಅಲಗನ್ನು ಎಳೆಯಲು ಉಗುರು ಕೂರುವ ಗೀರು. ಅಬ್ಬಾರ ಚಾಕುಗಳಲ್ಲಿ ಅದು ಬಲಗೈ ಹೆಬ್ಬೆರಳಿಗೆ ಸಿಗುವ ಮಗ್ಗುಲಲ್ಲಿ ಇರುತ್ತದೆ. ನಿನ್ನದರಲ್ಲಿ ಎದುರು ಮಗ್ಗುಲಲ್ಲಿ ಇದೆ, ಬಲಗೈಯವರು ತಿರುಗಿಸಿಕೊಂಡೇ ತೆರೆಯಬೇಕು. ನಾನು ಎಡಚಿ ಅನ್ನುವುದು ನಿನಗೆ ಮರೆತುಹೋಗಿದೆ. ಚಿಕ್ಕವಳಿದ್ದಾಗ ಊಟಕ್ಕೆ ಎಡಗೈ ಮುಂದೆ ಬಂದರೆ ಅಮ್ಮಿ ಸೌಟಿನಲ್ಲಿ ಹೊಡೆಯುತ್ತಿದ್ದಳು, ಊಟ ಬಲಗೈಗೆ ಬಂತು, ಬರವಣಿಗೆಯೂ ಬಂತು. ಅರ ಮಾತ್ರ ಬರಲಿಲ್ಲ. ಅದುವರೆಗೆ ಗೀರು ಅಬ್ಬಾರೇ ಎಳೆಯುತ್ತಿದ್ದರು, ನಿನ್ನ ಚಾಕು ಗೀರು ಸಮೇತ ನಾನು ಒಬ್ಬಳೇ ಕಟ್ಟಿದ ಮೊದಲನೆಯದು. ನಿನ್ನ ಗೆಳೆಯ ಹೊರಡುವ ಹೊತ್ತಾಗಿತ್ತು. ನನ್ನ ಕೈಗೆ ಸರಿ ಅನ್ನಿಸಿದ ಕಡೆ ಗೀರು ಎಳೆದುಬಿಟ್ಟೆ. ತೆರೆದು ನೋಡಿದೆ, ಸಲೀಸಾಗಿ ತೆರೆಯಿತು, ಏಕೆಂದರೆ ತೆರೆದದ್ದು ನಾನು. ಅದಾದ ಮೇಲೂ ನಾಲ್ಕಾರು ಚಾಕು ಹಾಗೇ ಹೋದವು. ಪುಟ್ಟರಂಗಯ್ಯನವರು ಹಗ್ಗ ಕೊಯ್ಯಲು ಒಂದು ಕೊಂಡು, ಬೀದಿಯ ಆ ಕಡೆಯಿಂದಲೇ ಕೂಗಿದರು: ‘ಏನ್ ಸಾಬ್ರೇ, ಈಚೀಚೆಗೆ ನಿಮ್ ಚಾಕುಗಳು ಮುಖ ತಿರುಗಿಸ್ಕೊಂಡವ್ವಲ್ಲ? ಮನೇಲೇನಾರ ಜಗಳಾನಾ?’

ಹೋದ ತಿಂಗಳ ನಿನ್ನ ಕಾಗದವನ್ನು ಅಬ್ಬಾಗೆ ಓದಿ ಹೇಳಿದವಳು ನಾನು. ಗೀರು ಉಲ್ಟಾ ಹಾಕಿದ್ದಾರೆ, ಅಬ್ಬಾಗೆ ವಯಸ್ಸಾಯಿತು, ಅವರಾದ ಮೇಲೆ ಅಂಗಡಿಗೆ ಯಾರಿದ್ದಾರೆ, ಜನವರಿಗೆ ಕೆಲಸ ಬಿಟ್ಟು ಬರುತ್ತೇನೆ, ಸಾಮಾನೆಲ್ಲ ಗುಜರಿಗೆ ಹಾಕಿ ಮೊಬೈಲ್ ಅಂಗಡಿ ಇಡೋಣ ಅಂತ ಬರೆದಿದ್ದೆ. ಓದುವಾಗ ಆ ಸಾಲುಗಳನ್ನು ನುಂಗಿಕೊಳ್ಳಬಹುದಿತ್ತು. ನುಂಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಗೀರು ಹಾಕಿದ್ದು ನಾನು ಅಂತ ಬರೆಯುತ್ತೇನೆ ಅಬ್ಬಾ ಅಂದೆ. ಅಬ್ಬಾ ತಮ್ಮ ಕೈಗಳನ್ನು ಲುಂಗಿಯ ಮಡಿಲಲ್ಲಿ ಇಟ್ಟುಕೊಂಡು, ‘ನಂದೇ ಕೈ ತಪ್ಪಿದ್ದು ಅಂತ ಬರೆ’ ಅಂದರು. ನಾನು ಬರೆಯಲಿಲ್ಲ. ನಿನಗೆ ಆ ಕಾಗದಕ್ಕೆ ಉತ್ತರ ಬರದೇ ಇದ್ದದ್ದು ಅದಕ್ಕೇ. ನನ್ನ ತಪ್ಪಿಗೆ ಅಬ್ಬಾ ಮುದುಕರಾಗಿ, ಅವರ ಅಂಗಡಿ ಗುಜರಿಗೆ ಹೋಗುವುದು ನನಗೆ ಬೇಡ.

ಅಷ್ಟರಲ್ಲಿ ಗುಬ್ಬಿ ಹತ್ತಿರದ ಕಡಬದ ಲಕ್ಷ್ಮೀನರಸಿಂಹಯ್ಯ ಬಂದರು. ನಿನಗೆ ಗೊತ್ತಿರಲಾರದು. ಕೆರೆ ಕೆಳಗೆ ತೆಂಗಿನ ತೋಟ ಇದೆ, ಬಿಳಿ ಮೀಸೆ, ಗಟ್ಟಿ ಗಂಟಲು. ಗುಬ್ಬಿ ಸಂತೆಯಲ್ಲಿ ಯಾರೋ ಮಾರಿದ ನಮ್ಮ ಉಲ್ಟಾ ಗೀರಿನ ಚಾಕು ಅವರ ಕೈಗೆ ಸಿಕ್ಕಿದೆ. ಅದನ್ನು ಗಲ್ಲಾ ಮೇಲೆ ಇಟ್ಟು, ‘ಸಾಬ್ರೇ, ಇದು ಎಡಚ್ರು ಮಾಡಿರೋದು. ಹುಟ್ಟಿದಾಗ್ಲಿಂದ ಎಡಗೈಲೇ ಬದುಕ್ತಿದೀನಿ, ನಂಗೆ ಗೊತ್ತಾಗಲ್ವಾ? ಇಷ್ಟು ವರ್ಷಕ್ಕೆ ಒಂದು ಚಾಕು ನನ್ ಮಾತು ಕೇಳ್ತು. ಕರೀರಿ ಅವ್ರನ್ನ, ಮುಖ ನೋಡ್ಬೇಕು’ ಅಂದರು. ನಾನು ಪರದೆಯ ಹಿಂದೆ ಇದ್ದೆ, ಎಡಗೈಯಲ್ಲಿ ಉಜ್ಜುತ್ತಿದ್ದ ಚಾಕು. ಅಬ್ಬಾ ಅಂದರು: ‘ನಮ್ಮನೇಲಿ ಎಡಚ್ರು ಯಾರೂ ಇಲ್ಲ ಸ್ವಾಮಿ.’

ಭಾಯ್, ಅಮ್ಮಿಯ ಸೌಟು ಅಷ್ಟು ನೋವು ಮಾಡಿರಲಿಲ್ಲ. ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡ ಅಬ್ಬಾರೇ ಆ ಮಾತನ್ನೂ ಆಡಿದ್ದು. ನನ್ನನ್ನು ಕಾಪಾಡಲು ಆಡಿದ್ದು ಅಂತ ಗೊತ್ತಿತ್ತು. ಅಂಗಡಿಯಲ್ಲಿ ಮಗಳು ಕೂತು ಚಾಕು ಮಾಡುತ್ತಾಳೆ ಅಂತ ಬೀದಿ ಆಡಿಕೊಂಡರೆ ಸಂಬಂಧ ಬರುವುದಿಲ್ಲ ಅಂತ ಅವರ ಭಯ. ಗೊತ್ತಿದ್ದರೂ ನಿಲ್ಲಲು ಆಗಲಿಲ್ಲ. ಅಮ್ಮಿ ಭುಜ ಹಿಡಿದಿದ್ದಳು, ಬಿಡಿಸಿಕೊಂಡು ಪರದೆ ಸರಿಸಿ ಹೋದೆ. ಕೈಯಲ್ಲಿದ್ದ ಚಾಕುವನ್ನು ಮಡಚಿ ಗಲ್ಲಾ ಮೇಲೆ ಇಟ್ಟೆ. ಚಾಕು ಕೈಯಿಂದ ಕೈಗೆ ಕೊಡಬಾರದು, ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು ಅಂತ ಅಬ್ಬಾ ಕಲಿಸಿದ್ದಾರಲ್ಲ. ಇಟ್ಟದ್ದು ಎಡಗೈಯಲ್ಲಿ. ಆ ಗಾಬರಿಯಲ್ಲೂ ಅಬ್ಬಾರ ಬಾಯಿಂದ ಬಂದದ್ದು ಏನು ಗೊತ್ತಾ? ‘ಗಿರಾಕಿ ಮುಂದೆ ಎಡಗೈಲಿ ಇಡ್ತಾರೇನೇ, ಬುದ್ಧಿ ಇಲ್ವಾ!’ ಲಕ್ಷ್ಮೀನರಸಿಂಹಯ್ಯ ಎಡಗೈಯಲ್ಲೇ ಎತ್ತಿಕೊಂಡು ತೆರೆದು, ‘ನಂಗೆ ಹಿಂಗೇ ಇಡ್ಬೇಕು ಕಣವ್ವ, ಬಲಗೈಲಿ ಇಟ್ಟಿದ್ರೆ ಮುಟ್ತಿರಲಿಲ್ಲ’ ಅಂತ ಅಂಗಡಿ ಅದುರುವ ಹಾಗೆ ನಕ್ಕರು. ಆಮೇಲೆ ಅಬ್ಬಾರ ಕೈ ನೋಡಿದರು. ನಗು ನಿಂತಿತು. ದುಡ್ಡನ್ನು ಆ ಕೈಗೆ ಕೊಡದೆ ಗಲ್ಲಾ ಮೇಲೆ ಎಣಿಸಿಟ್ಟರು, ಒಳ್ಳೆಯವರು.

ಮುಂದಿನ ವಾರ ಅವರೇ ತೆಂಗಿನ ಬೊಡ್ಡೆ ತಂದು ಹಾಕಿದರು. ನೂರು ವರ್ಷದ ಮರವಂತೆ, ಬುಡದ ಹೊರಗಿನ ಸುತ್ತು ಮಾತ್ರ ಕಲ್ಲಿನ ಹಾಗೆ, ಒಳಗಿನದು ಹೊಟ್ಟು. ಕರಿ ಎಳೆಗಳ ಮರ. ನೇರ ಸೀಳಿದರೆ ಗೆರೆ, ಓರೆಯಾಗಿ ಸೀಳಿದರೆ ರಾಗಿ ಚೆಲ್ಲಿದ ಹಾಗೆ ಚುಕ್ಕಿ. ಹಿಡಿಗೆ ಓರೆ ಸೀಳಿದೆ. ಮೊದಲ ಹಿಡಿಗೆ ಮೊಳೆ ಹೊಡೆದ ಕೂಡಲೇ ಬಿರುಕು ಬಿಟ್ಟಿತು, ಎರಡನೆಯದರಲ್ಲಿ ಎಳೆ ಎದ್ದು ಬೆರಳಿಗೆ ಚುಚ್ಚಿತು. ಆಮೇಲೆ ಅರಗನ್ನು ಸ್ಪಿರಿಟ್ಟಿನಲ್ಲಿ ತೆಳ್ಳಗೆ ಕರಗಿಸಿ ಮರಕ್ಕೆ ಕುಡಿಸಿ, ಒಣಗಿದ ಮೇಲೆ ತೂತು ಕೊರೆದು, ನುಣುಪು ಜೀರೋ ಉಪ್ಪುಕಾಗದದಲ್ಲಿ ಉಜ್ಜಿ ಜೇನುಮೇಣ ಹಚ್ಚಿದೆ. ಅಬ್ಬಾ ಮುಚ್ಚಿದ ಚಾಕುವನ್ನು ಅಮ್ಮಿಯ ಹಳೆಯ ಮಲ್‌ಮಲ್ ದುಪಟ್ಟಾದಲ್ಲಿ ಸುತ್ತಿ ಎಳೆದು ನೋಡಿದರು. ಒಂದು ದಾರ ಸಿಕ್ಕಿಕೊಂಡರೂ ಚಾಕು ವಾಪಸ್ಸು ವೈಸಿಗೆ, ಅದು ಅವರ ಪರೀಕ್ಷೆ. ಸಿಕ್ಕಲಿಲ್ಲ. ಇನ್ನೊಂದು ಸಲ ಎಳೆದರು, ಆಗಲೂ ಇಲ್ಲ. ಅದಕ್ಕೆ ಗೀರು ಎರಡೂ ಮಗ್ಗುಲಲ್ಲಿ ಎಳೆದಿದ್ದೇನೆ, ಯಾವ ಕೈಯವರಾದರೂ ತೆರೆಯಲಿ.

ಗುಬ್ಬಿ ಕಡೆಯ ತೆಂಗು ಬೆಳೆಗಾರರೆಲ್ಲ ಸೇರಿ ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆ ಹಿಡಿದಿದ್ದಾರೆ. ಹಳೆಯ ಮರ ಸೌದೆಗೆ ಮಾತ್ರ ಅಲ್ಲ ಅಂತ ತೋರಿಸಬೇಕಂತೆ. ಜನರ ಮುಂದೆ ಕೂತು ಚಾಕು ಕಟ್ಟಬೇಕು, ಮಾಡಿದವರ ಹೆಸರು ಬೋರ್ಡಿನ ಮೇಲೆ ಇರುತ್ತದೆ. ‘ಯಾರ ಹೆಸ್ರು ಬರೆಸ್ಲಿ ಸಾಬ್ರೇ?’ ಅಂತ ಲಕ್ಷ್ಮೀನರಸಿಂಹಯ್ಯ ಕೇಳಿದರೆ ಅಬ್ಬಾ ನೆಲ ನೋಡಿದರು. ನನ್ನದು ಬರೆಸಿ ಅಂದೆ. ಅಮ್ಮಿ ಒಳಗೆ ಪಾತ್ರೆ ಬೀಳಿಸಿದಳು, ಬೇಕಂತಲೇ. ಅವರು ಹೋದ ಮೇಲೆ ಅಬ್ಬಾ ನನಗೆ ಅಂದದ್ದು ಇಷ್ಟೇ: ‘ಭಾಯಿಗೆ ಬರಿ. ಅವ್ನು ಹೂಂ ಅಂದ್ರೆ ಹೋಗು.’ ನಿನಗೆ ಕಾಗದ ಮುಟ್ಟಿ ಉತ್ತರ ಬರುವಷ್ಟರಲ್ಲಿ ದಸರಾ ಆನೆಗಳು ಕಾಡಿಗೆ ವಾಪಸ್ಸು ಹೋಗಿರುತ್ತವೆ. ಅಬ್ಬಾಗೆ ಇದು ಗೊತ್ತಿಲ್ಲದ್ದೇನಲ್ಲ. ಬೇಡ ಅನ್ನಲು ಅವರಿಗೆ ಬಾಯಿ ಬರಲಿಲ್ಲ, ಹೂಂ ಅನ್ನಲು ಧೈರ್ಯ ಬರಲಿಲ್ಲ, ಎರಡನ್ನೂ ನಿನ್ನ ತಲೆಗೆ ಕಟ್ಟಿದರು. ಹೇಳಿದ ಹಾಗೆ ನಾನು ಬರೆದಿದ್ದೇನೆ. ಕಾಯುತ್ತೇನೆ ಅಂತ ಮಾತ್ರ ಯಾರಿಗೂ ಮಾತು ಕೊಟ್ಟಿಲ್ಲ.

ಊಟ ಸರಿಯಾಗಿ ಮಾಡು. ಬೆನ್ನಿಗೆ ಎಣ್ಣೆ ಹಚ್ಚು. ಅಮ್ಮಿ ನಿನಗೆ ದುವಾ ಹೇಳಿದ್ದಾಳೆ, ಕುಣಿಗಲ್ ನಾನಾ ನಿನ್ನನ್ನು ಕೇಳಿದರು, ನಿನ್ನ ಜೊತೆ ರೂಮಿನಲ್ಲಿ ಇರುವವರಿಗೆಲ್ಲ ನನ್ನ ಸಲಾಮ್. ಅಲ್ಲಾ ನಿನ್ನ ಕೈಕಾಲು ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ತಂಗಿ
ಫಿಜಾ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ, ಇಲ್ಲಿ ಬರೆಯುತ್ತೇನೆ. ಅಂಗಡಿಗೋಸ್ಕರ ಕೆಲಸ ಬಿಟ್ಟು ಬರಬೇಡ ಭಾಯ್. ಅಬ್ಬಾರನ್ನು ನೋಡಲು ಬಾ, ಬೇಗ ಬಾ, ಆದಷ್ಟು ದಿನ ಇರು. ಅಂಗಡಿ ನನಗೆ ಬೇಕು. ಅಬ್ಬಾರ ನಂತರ ಯಾರಿದ್ದಾರೆ ಅಂತ ಕೇಳಿದ್ದೆಯಲ್ಲ, ನಾನಿದ್ದೇನೆ. ಈಗ ಅಬ್ಬಾ ಬಂದು ಏನು ಬರೆದೆ ಅಂತ ಕೇಳಿದರು. ಇದನ್ನೂ ಸೇರಿಸಿ ಎಲ್ಲ ಓದಿದೆ. ಕೈ ನಡುಗುವ ಮಾತು ಹೊಡೆದುಹಾಕು, ಅವನು ಅಲ್ಲಿ ನಿದ್ದೆ ಮಾಡುವುದಿಲ್ಲ ಅಂದರು. ನಾನು ಹೊಡೆಯಲಿಲ್ಲ. ಆಮೇಲೆ ವೈಸ್ ಕಡೆ ತಿರುಗಿ, ಮೈಸೂರಿನಲ್ಲಿ ವೈಸ್ ಸಿಗುತ್ತದೋ ಇಲ್ಲವೋ, ನಮ್ಮದನ್ನೇ ಬಿಚ್ಚಿಕೊಂಡು ಹೋಗು ಅಂದರು. ಬಿಚ್ಚಿದ್ದೇನೆ. ಒಬ್ಬಳನ್ನೇ ಬಿಡುವುದಿಲ್ಲ ಅಂತ ಅಮ್ಮಿ ಜೊತೆಗೆ ಬರುತ್ತಾಳೆ. ನಾಳೆ ಬೆಳಿಗ್ಗೆ ಕುಣಿಗಲ್ ಮೇಲೆ ಮೈಸೂರಿಗೆ ಹೋಗುವ ಮೊದಲ ಬಸ್ಸಿಗೆ ಹೊರಡುತ್ತೇನೆ.